ಕೈಯೂಸ್ ಜನರ ಇತಿಹಾಸ ಓದೋದು, ನೋಡೋದು ಹೇಗೆ: 1847ರಿಂದ ಮಾತ್ರ ಶುರು ಮಾಡ್ಬೇಡಿ

ಸಿಯಾಟಲ್, ಪೋರ್ಟ್‌ಲ್ಯಾಂಡ್ ಕಡೆ ಇರೋ ನಮ್ಮ ಕನ್ನಡದೋರು ಲಾಂಗ್ ವೀಕೆಂಡ್ ಬಂತು ಅಂದ್ರೆ ಮೌಂಟ್ ರೇನಿಯರ್, ಕ್ರೇಟರ್ ಲೇಕ್ ಅಂತ ಹೊರಡ್ತಾರೆ, ಪೂರ್ವಕ್ಕೆ ಗೋಧಿ ಹೊಲಗಳ ಕಡೆ ಹೋಗೋರು ಕಮ್ಮಿ, ಹೋದ್ರೂ ವಾಲಾ ವಾಲಾ ಊರಲ್ಲಿ ವೈನ್ ರುಚಿ ನೋಡಿ ವಾಪಸ್. ಅದೇ ಊರಿಂದ ಏಳೇ ಮೈಲಿ ಪಶ್ಚಿಮಕ್ಕೆ ಹೋದ್ರೆ ವೈಲಾಟ್ಪು ಅಂತ ಒಂದು ಜಾಗ ಇದೆ, ಅಮೆರಿಕದ ಪಶ್ಚಿಮ ಭಾಗದ ಇತಿಹಾಸದಲ್ಲಿ ಇಷ್ಟು ಸಲ ತಿರುಚಿ ಹೇಳಿದ ಕಥೆ ಇರೋ ಜಾಗ ಇನ್ನೊಂದು ಸಿಗೋದು ಕಷ್ಟ. ಅದು ಕೈಯೂಸ್ ಅನ್ನೋ ಅಮೆರಿಕದ ಮೂಲನಿವಾಸಿ ಜನರ ನೆಲ. ಅವರ ಕಥೆ ಓದ್ಬೇಕು, ಆಮೇಲೆ ಆ ಜಾಗಗಳಿಗೆ ಹೋಗ್ಬೇಕು ಅನ್ನೋರಿಗೆ ಈ ಗೈಡ್. ಬೆಂಗಳೂರಲ್ಲೋ ಹುಬ್ಬಳ್ಳಿಯಲ್ಲೋ ಕೂತು ಬರೀ ಓದೋರಿಗೆ ಕೊನೇ ಭಾಗ ಬಿಟ್ಟು ಉಳಿದಿದ್ದು ಸಾಕು.

ಇಂಟರ್ನೆಟ್ಟಲ್ಲಿ ಕೈಯೂಸ್ ಅಂತ ಹುಡುಕಿದ್ರೆ ಮೊದಲು ಬರೋದೇ 1847ರ ನವೆಂಬರ್ 29, ವೈಲಾಟ್ಪುವಿನಲ್ಲಿದ್ದ ವಿಟ್‌ಮನ್ ಮಿಷನ್ ಅನ್ನೋ ಕ್ರೈಸ್ತ ಮಿಷನರಿ ಕೇಂದ್ರ, ಹದಿಮೂರು ಜನರ ಕೊಲೆ. ಅಲ್ಲಿಂದ ಶುರು ಮಾಡಿದ್ರೆ ಈ ಜನ ನಿಮಗೆ ಪರಿಚಯ ಆಗೋದೇ ಕೊಡಲಿ ಹಿಡ್ಕೊಂಡು, ಮೂರು ವರ್ಷ ಆದ್ಮೇಲೆ ಐದು ಜನರನ್ನ ಗಲ್ಲಿಗೆ ಹಾಕಿದಾಗ ಕಥೆ ಮುಗೀತು ಅನ್ಸುತ್ತೆ. ಶುರು ಮಾಡೋ ತಾರೀಕನ್ನ ನೂರು ವರ್ಷ ಹಿಂದಕ್ಕೆ ತಳ್ಳಿ, ಮುಗಿಸೋ ತಾರೀಕನ್ನ ಇವತ್ತಿಗೆ ತನ್ನಿ. ಈ ಗೈಡಿನ ಮುಖ್ಯ ಟ್ರಿಕ್ಕೇ ಅದು.

ಮೊದಲು ಮ್ಯಾಪ್ ತೆಗೀರಿ

ಆರಿಗನ್ ರಾಜ್ಯದ ಈಶಾನ್ಯ ಮೂಲೆ, ಅದಕ್ಕೆ ತಾಗಿದ ವಾಷಿಂಗ್ಟನ್ ರಾಜ್ಯದ ಆಗ್ನೇಯ ಮೂಲೆ, ಇವೆರಡನ್ನೂ ಝೂಮ್ ಮಾಡಿ. ಬ್ಲೂ ಮೌಂಟನ್ಸ್ ಅನ್ನೋ ಬೆಟ್ಟಸಾಲು ಕಾಣುತ್ತೆ, ಅಲ್ಲಿಂದ ಇಳಿದು ಬರೋ ನದಿಗಳು ವಾಲಾ ವಾಲಾ, ಯುಮಟಿಲಾ, ಗ್ರ್ಯಾಂಡ್ ರೋಂಡ್. ಈ ಮೂರು ಕಣಿವೆ ಗುರುತು ಹಾಕ್ಕೊಳ್ಳಿ, ಕೈಯೂಸ್ ಜನರ ಓಡಾಟದ ಮುಖ್ಯ ನೆಲ ಇದು. ಚಳಿಗಾಲದಲ್ಲಿ ನದಿ ದಂಡೆಯಲ್ಲಿ ಜೊಂಡಿನ ಚಾಪೆ ಹೊದಿಸಿದ ಉದ್ದನೆ ಮನೆಗಳಲ್ಲಿ ಇರೋದು, ವಸಂತದಲ್ಲಿ ಗೆಡ್ಡೆ ಅಗಿಯೋದು, ಸಾಮನ್ ಮೀನು ಬರೋ ಹೊತ್ತಿಗೆ ಹೊಳೆ ದಡಕ್ಕೆ, ಬೇಸಿಗೆ ಕೊನೆಗೆ ಬೆಟ್ಟದ ಮೇಲೆ ಹಕಲ್‌ಬೆರಿ ಹಣ್ಣು, ಆಮೇಲೆ ಜಿಂಕೆ ಬೇಟೆ. ಹೊರಗಿಂದ ನೋಡಿದೋರು ಇವರನ್ನ ಅಲೆಮಾರಿಗಳು ಅಂತ ಬರೆದುಬಿಟ್ರು. ಆದ್ರೆ ಯಾವ ತಿಂಗಳು ಯಾವ ಜಾಗ ಅನ್ನೋದು ಇವರಿಗೆ ತಲೆತಲಾಂತರದಿಂದ ಗೊತ್ತಿದ್ದ ಲೆಕ್ಕ. ಇದನ್ನ ಸರಿಯಾಗಿ ನೆನಪಿಟ್ಕೊಳ್ಳಿ, ಯಾಕಂದ್ರೆ ಆಮೇಲೆ ಬಿಳಿಯರು ಹೇಳೋ ಮುಖ್ಯ ವಾದ ಇದೇ, ನೆಲ ಖಾಲಿ ಬಿದ್ದಿತ್ತು, ಯಾರೂ ಉಳ್ತಿರಲಿಲ್ಲ ಅನ್ನೋದು.

ಹದಿನೆಂಟನೇ ಶತಮಾನದಲ್ಲಿ ಇವರ ಕೈಗೆ ಕುದುರೆ ಬಂತು. ಸ್ಪೇನಿನೋರು ತಂದ ಕುದುರೆ ದಕ್ಷಿಣದಿಂದ ಒಬ್ಬರ ಕೈಯಿಂದ ಇನ್ನೊಬ್ಬರಿಗೆ ದಾಟಿ ಇಲ್ಲಿವರೆಗೂ ಬಂದಿದ್ದು. ಆ ಬೆಟ್ಟದ ಹುಲ್ಲಿಗೆ ಕುದುರೆ ಚೆನ್ನಾಗಿ ಹಿಡೀತು, ಅನುಕೂಲಸ್ಥರ ಹತ್ರ ನೂರಾರು ಕುದುರೆ ಇರ್ತಿತ್ತು. ರಾಕಿ ಪರ್ವತ ದಾಟಿ ಕಾಡೆಮ್ಮೆ ಬೇಟೆಗೆ ಹೋಗಿ ಬರ್ತಿದ್ರು. ಸಂಖ್ಯೆಯಲ್ಲಿ ಸಣ್ಣ ಸಮುದಾಯ, ಕೆಲವೇ ನೂರು ಜನ, ಆದ್ರೆ ಸುತ್ತಮುತ್ತಲಿನೋರ ನಡುವೆ ಅವರ ಮಾತಿಗೆ ತೂಕ ಇತ್ತು. ಅಮೆರಿಕದ ಪಶ್ಚಿಮದಲ್ಲಿ ನಾಟಿ ಕುದುರೆಗೆ ಇವತ್ತಿಗೂ ಕೈಯೂಸ್ ಅಂತಾನೇ ಕರೀತಾರೆ. 1818ರಲ್ಲಿ ತುಪ್ಪಳ ವ್ಯಾಪಾರದ ಕಂಪನಿ ಕೊಲಂಬಿಯಾ ನದಿ ದಡದಲ್ಲಿ ಕೋಟೆ ಕಟ್ಟಿದಾಗ ಆ ವ್ಯಾಪಾರಿಗಳಿಗೆ ಕುದುರೆ ಬೇಕಿತ್ತು, ಇವರಿಗೆ ಬಂದೂಕು, ಕಂಬಳಿ ಬೇಕಿತ್ತು. ಹೊರಗಿನೋರು ಅಂದ್ರೆ ಇವರಿಗೆ ಮೊದಲಿಂದ ದ್ವೇಷ ಏನೂ ಇರಲಿಲ್ಲ, ವ್ಯಾಪಾರ ಮಾಡಿ ಅಭ್ಯಾಸ ಇದ್ದ ಜನ. ಕೊಟ್ಟು ತಗೊಳ್ಳೋದು ಗೊತ್ತಿತ್ತು. ಮುಂದಿನ ಜಗಳದಲ್ಲೂ ಈ ಮಾತೇ ಮತ್ತೆ ಬರುತ್ತೆ.

ಮಿಷನರಿ ಅಂದ ತಕ್ಷಣ ಕಿಟೆಲ್ ನೆನಪಾದ್ರೆ ಸ್ವಲ್ಪ ತಡೀರಿ

ನಮಗೆ ಮಿಷನರಿ ಅಂದ್ರೆ ಕಿಟೆಲ್ ನಿಘಂಟು, ಬಾಸೆಲ್ ಮಿಷನ್ನಿನ ಮಂಗಳೂರು ಹೆಂಚು, 1843ರ ಮಂಗಳೂರು ಸಮಾಚಾರ. ಮನಸ್ಸಲ್ಲಿ ಒಂದು ಸಾಫ್ಟ್ ಕಾರ್ನರ್ ಇರುತ್ತೆ, ತಪ್ಪಲ್ಲ. ಆದ್ರೆ ಅದೇ ಕಣ್ಣಲ್ಲಿ ವಿಟ್‌ಮನ್ ದಂಪತಿಗಳನ್ನ ಓದಿದ್ರೆ ದಾರಿ ತಪ್ಪುತ್ತೆ. ಅವರನ್ನ ಕಳಿಸಿದ್ದು ಬಾಸ್ಟನ್ನಿನ ಅಮೆರಿಕನ್ ಬೋರ್ಡ್ ಅನ್ನೋ ಮಿಷನರಿ ಸಂಸ್ಥೆ, ಅದೇ ಬೋರ್ಡು 1813ರಲ್ಲೇ ಬಾಂಬೆಯಲ್ಲಿ ಮಿಷನ್ ಶುರು ಮಾಡಿತ್ತು. ಬಾಂಬೆಗೆ ಹೋದ ಮಿಷನರಿ ಹಿಂದೆ ಸಾವಿರಾರು ಅಮೆರಿಕನ್ ರೈತರು ಎತ್ತಿನ ಗಾಡಿ ಕಟ್ಕೊಂಡು ಬಂದು ಜಮೀನು ಹಿಡೀಲಿಲ್ಲ. ಆರಿಗನ್ನಲ್ಲಿ ಹಿಡಿದ್ರು.

ಮಾರ್ಕಸ್ ವಿಟ್‌ಮನ್ ಡಾಕ್ಟ್ರು, ಹೆಂಡತಿ ನಾರ್ಸಿಸಾ. 1836ರಲ್ಲಿ ಬಂದ್ರು, ಜೊತೆಗೆ ಸ್ಪಾಲ್ಡಿಂಗ್ ದಂಪತಿಗಳು, ಅವರು ಹೋಗಿದ್ದು ಪಕ್ಕದ ನೆಜ್ ಪರ್ಸ್ ಜನರ ನಡುವೆ. ಇದಕ್ಕೂ ಒಂದು ವರ್ಷ ಮುಂಚೆ ಸ್ಯಾಮ್ಯುಯೆಲ್ ಪಾರ್ಕರ್ ಅನ್ನೋ ಪಾದ್ರಿ ಜಾಗ ನೋಡ್ಕೊಂಡು ಹೋಗಿದ್ದ, ವರ್ಷ ವರ್ಷ ಜಮೀನಿಗೆ ಪ್ರತಿಯಾಗಿ ಸಾಮಾನು ಬರುತ್ತೆ ಅಂತ ಅವನು ಮಾತು ಕೊಟ್ಟಿದ್ದ ಅಂತ ಕೈಯೂಸ್ ಮುಖಂಡರು ಹೇಳ್ತಾನೇ ಬಂದ್ರು. ಸಾಮಾನು ಬರಲಿಲ್ಲ. ಮಿಷನ್ ಕಟ್ಟಡ ಏಳ್ತು, ಹೊಲ ಆಯ್ತು, ಹಿಟ್ಟಿನ ಗಿರಣಿ ಬಂತು.

ಇಲ್ಲಿ ಒಂದು ಕಾಗದ ಓದಲೇಬೇಕು, 1841ರಲ್ಲಿ ವಿಟ್‌ಮನ್ನೇ ತನ್ನ ಬೋರ್ಡಿಗೆ ಬರೆದಿದ್ದು. ಟಿಲೊಕೈಕ್ಟ್ ಅನ್ನೋ ಮುಖಂಡರ ಕುದುರೆಗಳು ಮಿಷನ್ನಿನ ಜೋಳದ ಹೊಲಕ್ಕೆ ನುಗ್ಗಿದ ಜಗಳ. ಮಾತಿಗೆ ಮಾತು ಬೆಳೆದು ಟಿಲೊಕೈಕ್ಟ್ ಡಾಕ್ಟ್ರ ಕಿವಿ ಹಿಡಿದು ಎಳೀತಾರೆ, ಹ್ಯಾಟ್ ಕಿತ್ತು ಕೆಸರಿಗೆ ಎಸೀತಾರೆ, ಈತ ಎತ್ತಿ ಮತ್ತೆ ತಲೆಗೆ ಇಟ್ಕೋತಾನೆ, ಅವರು ಮತ್ತೆ ಎಸೀತಾರೆ, ಈತ ಮತ್ತೆ ಇಟ್ಕೋತಾನೆ. ಈ ನೆಲಕ್ಕೆ ಏನು ಕೊಟ್ಟಿದೀಯ ಅಂತ ಕೇಳ್ತಾರೆ, ಏನೂ ಕೊಟ್ಟಿಲ್ಲ, ಕೊಡೋದೂ ಇಲ್ಲ ಅಂತ ಈತನ ಉತ್ತರ. ವಿಟ್‌ಮನ್ ಇದನ್ನ ಬರೆದಿದ್ದು ತನ್ನ ಸಹನೆ ತೋರ್ಸೋಕೆ, ನೋಡಿ ಎಷ್ಟು ಅವಮಾನ ಮಾಡಿದ್ರೂ ಸುಮ್ಮನಿದ್ದೆ ಅಂತ. ಅದೇ ಕಾಗದವನ್ನ ನೀವು ಜಮೀನಿನ ಯಜಮಾನರ ಕಡೆ ನಿಂತು ಓದಿ, ಬಾಡಿಗೆ ಕೇಳಿದ್ದಕ್ಕೆ ಕೊಡಲ್ಲ ಅಂತ ಬರವಣಿಗೆಯಲ್ಲೇ ಒಪ್ಕೊಂಡಂಗೆ ಆಗುತ್ತೆ.

ನಾರ್ಸಿಸಾ ಮನೆಗೆ ಬರೆದ ಕಾಗದಗಳೂ ಸಿಗುತ್ತೆ, ಅವನ್ನೂ ಹೀಗೇ ಓದಿ. ಆಕೆ ದೂರೋದು ಬಹಳಷ್ಟು ಅಡುಗೆಮನೆ ವಿಷಯ. ಇಂಡಿಯನ್ನರು, ಅಂದ್ರೆ ಕೈಯೂಸ್ ಜನ, ಕೇಳದೆ ಒಳಗೆ ಬರ್ತಾರೆ, ಗಲೀಜು ಮಾಡ್ತಾರೆ, ಅವರು ಹೋದ್ಮೇಲೆ ಕ್ಲೀನ್ ಮಾಡೋದೇ ಕೆಲಸ. ಕೊನೆಗೆ ಹೊಸ ಮನೆಯಲ್ಲಿ ಅವರಿಗೆ ಅಂತಲೇ ಬೇರೆ ರೂಮ್ ಮಾಡಿ ಉಳಿದ ಮನೆ ಬಾಗಿಲು ಹಾಕಿಬಿಟ್ರು. ಕೈಯೂಸ್ ಜನರ ರೂಢಿಯಲ್ಲಿ ಮನೆಗೆ ಬಂದೋರಿಗೆ ಬಾಗಿಲು ಹಾಕೋದು ಅಂದ್ರೆ ಮರ್ಯಾದೆ ಕಳೆದ ಹಾಗೆ. ಆದ್ರೆ ಆಕೆಯನ್ನ ಬರೀ ವಿಲನ್ ಮಾಡೋಕೂ ಹೋಗ್ಬೇಡಿ. ಎರಡು ವರ್ಷದ ಒಬ್ಬಳೇ ಮಗಳು ಅಲೀಸ್ 1839ರಲ್ಲಿ ಮನೆ ಪಕ್ಕದ ಹೊಳೆಯಲ್ಲಿ ಮುಳುಗಿ ಹೋಯ್ತು, 1844ರಲ್ಲಿ ದಾರಿಯಲ್ಲಿ ತಂದೆತಾಯಿ ಕಳ್ಕೊಂಡ ಸೇಗರ್ ಮನೆತನದ ಏಳು ಮಕ್ಕಳನ್ನ ಇದೇ ದಂಪತಿ ಸಾಕಿದ್ರು. ಒಳ್ಳೆತನ ಇತ್ತು, ಅದು ಯಾರ ಕಡೆಗೆ ಹರೀತಿತ್ತು ಅನ್ನೋದನ್ನ ಗಮನಿಸಿ. ವರ್ಷ ಕಳೆದಂತೆ ಮಿಷನ್ ಕೆಲಸವೇ ಬದಲಾಗಿ ವಲಸಿಗರ ಗಾಡಿಗಳಿಗೆ ತಂಗುದಾಣ ಆಗಿಹೋಯ್ತು.

ಸುಳ್ಳು ಕಥೆ ಹಿಡಿಯೋ ಸುಲಭ ಟೆಸ್ಟ್

ಹಳೇ ಪುಸ್ತಕದಲ್ಲೋ ಯಾವುದೋ ವೀಡಿಯೋದಲ್ಲೋ ವಿಟ್‌ಮನ್ 1842ರ ಚಳಿಗಾಲದಲ್ಲಿ ಕುದುರೆ ಹತ್ತಿ ಪೂರ್ವಕ್ಕೆ ಓಡಿಹೋಗಿ ಅಧ್ಯಕ್ಷರನ್ನ ಒಪ್ಪಿಸಿ ಆರಿಗನ್ನನ್ನ ಬ್ರಿಟಿಷರಿಂದ ಉಳಿಸಿದ ಅಂತ ಇದ್ರೆ ಅಲ್ಲೇ ಮುಚ್ಚಿಡಿ. ಪ್ರಯಾಣ ನಿಜ, ಆದ್ರೆ ಹೋಗಿದ್ದು ಬೋರ್ಡು ವೈಲಾಟ್ಪು ಮಿಷನ್ ಮುಚ್ಚಿ ಅಂತ ಆರ್ಡರ್ ಮಾಡಿದ್ದಕ್ಕೆ, ಆ ಆರ್ಡರ್ ವಾಪಸ್ ತೆಗೆಸೋಕೆ. ಆರಿಗನ್ ಉಳಿಸಿದ ಕಥೆಯನ್ನ 1860ರ ದಶಕದಲ್ಲಿ ಹಬ್ಬಿಸಿದ್ದು ಅದೇ ಸ್ಪಾಲ್ಡಿಂಗ್, 1901ರಲ್ಲಿ ಯೇಲ್ ಯೂನಿವರ್ಸಿಟಿಯ ಎಡ್ವರ್ಡ್ ಬೋರ್ನ್ ದಾಖಲೆ ಇಟ್ಟು ಇದು ಕಟ್ಟುಕಥೆ ಅಂತ ತೋರಿಸಿಕೊಟ್ರು. ಅಷ್ಟಾದ್ರೂ 1953ರಲ್ಲಿ ವಾಷಿಂಗ್ಟನ್ ರಾಜ್ಯ ಅಮೆರಿಕದ ಸಂಸತ್ ಭವನದಲ್ಲಿ ವಿಟ್‌ಮನ್ ಪ್ರತಿಮೆ ನಿಲ್ಲಿಸ್ತು, 2021ರಲ್ಲಿ ಆ ಜಾಗಕ್ಕೆ ಮೀನುಗಾರಿಕೆ ಹಕ್ಕಿಗೆ ಹೋರಾಡಿದ ನಿಸ್ಕ್ವಾಲಿ ಸಮುದಾಯದ ಬಿಲ್ಲಿ ಫ್ರಾಂಕ್ ಜೂನಿಯರ್ ಪ್ರತಿಮೆ ತರೋಕೆ ಕಾನೂನು ಮಾಡ್ತು.

ಕಟ್ಟುಕಥೆ ಬಿಟ್ರೂ ಆ ಪ್ರಯಾಣದ ಪರಿಣಾಮ ದೊಡ್ಡದೇ. ವಾಪಸ್ ಬರುವಾಗ 1843ರಲ್ಲಿ ಸುಮಾರು ಸಾವಿರ ಜನ ವಲಸಿಗರ ಗಾಡಿ ಸಾಲಿನ ಜೊತೆ ಬಂದ. ಆಮೇಲೆ ಪ್ರತಿ ಬೇಸಿಗೆ ಗಾಡಿಗಳು ಹೆಚ್ತಾ ಹೋದ್ವು, 1847ರಲ್ಲಿ ನಾಲ್ಕು ಸಾವಿರದ ಮೇಲೆ. ಹುಲ್ಲು ಖಾಲಿ, ಬೇಟೆ ಖಾಲಿ. ಜನ ಬಂದು ತುಂಬ್ಕೋತಾರೆ ಅನ್ನೋ ಭಯ ಕೈಯೂಸ್ ಜನರಿಗೆ ಸುಮ್ನೆ ಹುಟ್ಟಿದ್ದಲ್ಲ, ಅವರ ಕಣ್ಮುಂದೇನೇ ಗಾಡಿ ಲೆಕ್ಕ ಸಿಗ್ತಿತ್ತು.

1847ನ್ನ ನಿಧಾನಕ್ಕೆ ಓದಿ

ಆ ವರ್ಷದ ಶರತ್ಕಾಲದಲ್ಲಿ ದಡಾರ ಬಂತು. ಬಿಳಿಯರ ಮಕ್ಕಳಿಗೂ ಬಂತು, ಕೈಯೂಸ್ ಮಕ್ಕಳಿಗೂ ಬಂತು, ವಿಟ್‌ಮನ್ ಇಬ್ಬರಿಗೂ ಔಷಧಿ ಕೊಟ್ಟ. ಬಿಳಿಯರ ಮಕ್ಕಳು ಬಹುತೇಕ ಎದ್ದು ಓಡಾಡಿದ್ರು, ಕೈಯೂಸ್ ಮಕ್ಕಳು ಒಬ್ಬರ ಹಿಂದೆ ಒಬ್ಬರು ಸತ್ರು. ಅವರು ಹಿಂದೆ ಆ ಕಾಯಿಲೆ ಕಂಡ ಜನಾನೇ ಅಲ್ಲ, ಮೈಯಲ್ಲಿ ತಡೆಯೋ ಶಕ್ತಿ ಇರಲಿಲ್ಲ. ಸಮುದಾಯದ ಹತ್ತಿರ ಹತ್ತಿರ ಅರ್ಧ ಜನ ಹೋದ್ರು ಅಂತ ಸಾಮಾನ್ಯ ಅಂದಾಜು. ಒಂದು ಊರಲ್ಲಿ ಒಂದೆರಡು ತಿಂಗಳಲ್ಲಿ ಅರ್ಧ ಮನೆ ಖಾಲಿ ಆದ್ರೆ ಉಳಿದೋರ ಮನಸ್ಥಿತಿ ಏನಿರುತ್ತೆ?

ಇದರ ಜೊತೆ ಇನ್ನೂ ಎರಡು ಎಳೆ ಸೇರಿಸ್ಕೊಂಡು ಓದಿ. ಒಂದು, ಅವರ ರೂಢಿಯಲ್ಲಿ ವೈದ್ಯನ ಕೈಯಲ್ಲಿ ರೋಗಿ ಸತ್ರೆ ಸತ್ತೋರ ಕಡೆಯೋರು ವೈದ್ಯನ ಪ್ರಾಣ ತೆಗೀಬಹುದಿತ್ತು, ಇದು ವಿಟ್‌ಮನ್‌ಗೂ ಗೊತ್ತಿತ್ತು, ತುಪ್ಪಳ ವ್ಯಾಪಾರದ ಹಡ್ಸನ್ಸ್ ಬೇ ಕಂಪನಿಯ ಜಾನ್ ಮೆಕ್ಲಾಕ್ಲಿನ್ ಮೊದಲೇ ಎಚ್ಚರಿಕೆ ಕೊಟ್ಟಿದ್ರು. ಎರಡು, ವಿಷದ ಗುಮಾನಿ. ಡಾಕ್ಟ್ರು ಬೇಕಂತಲೇ ವಿಷ ಹಾಕ್ತಿದಾನೆ ಅಂತ ಜೋ ಲೂಯಿಸ್ ಅನ್ನೋನು ಹೇಳ್ಕೊಂಡು ತಿರುಗಿದ. ಜನ ನಂಬಿದ್ದು ಯಾಕೆ ಅಂದ್ರೆ ಮಿಷನ್ನಿನೋರು ತೋಳಗಳಿಗೆ ಅಂತ ವಿಷ ಹಾಕಿದ ಮಾಂಸ ಇಟ್ಟಿದ್ದು ಉಂಟು, ಕಳ್ಳರಿಗೆ ಬುದ್ಧಿ ಕಲಿಸೋಕೆ ಕಲ್ಲಂಗಡಿಗೆ ವಾಂತಿ ಬರೋ ಔಷಧಿ ಸೇರಿಸಿದ್ದೂ ಉಂಟು. ಆಗ ತಮಾಷೆಗೆ ಮಾಡಿದ್ದು ಸಾವಿನ ಹೊತ್ತಲ್ಲಿ ಸಾಕ್ಷಿ ಆಗೋಯ್ತು.

ನವೆಂಬರ್ 29ಕ್ಕೆ ಟಿಲೊಕೈಕ್ಟ್ ಮತ್ತು ಟೊಮಾಹಸ್ ಅಡುಗೆಮನೆ ಬಾಗಿಲಿಗೆ ಬಂದು ಔಷಧಿ ಕೇಳಿದ್ರು, ಅಲ್ಲೇ ಡಾಕ್ಟ್ರ ಮೇಲೆ ಏಟು ಬಿತ್ತು. ನಾರ್ಸಿಸಾ ಗುಂಡಿಗೆ ಸತ್ರು, ಸೇಗರ್ ಹುಡುಗರಿಬ್ಬರೂ ಸತ್ರು, ಮುಂದಿನ ದಿನಗಳದ್ದೂ ಸೇರಿ ಹದಿಮೂರು. ಸುಮಾರು ಐವತ್ತು ಜನ, ಹೆಚ್ಚಾಗಿ ಹೆಂಗಸರು ಮಕ್ಕಳು, ಒತ್ತೆಯಾಳಾದ್ರು. ಒಂದು ತಿಂಗಳ ಮೇಲೆ ಹಡ್ಸನ್ಸ್ ಬೇ ಕಂಪನಿಯ ಪೀಟರ್ ಸ್ಕೀನ್ ಆಗ್ಡನ್ ಬಂದು 62 ಕಂಬಳಿ, 63 ಶರ್ಟು, ಒಂದಷ್ಟು ಬಂದೂಕು, ಮದ್ದುಗುಂಡು, ತಂಬಾಕು ಕೊಟ್ಟು ಬಿಡಿಸ್ಕೊಂಡು ಹೋದ್ರು. ಗಮನಿಸಿ, ಇಲ್ಲೂ ಕೆಲಸ ಆಗಿದ್ದು ವ್ಯಾಪಾರಿ ಕೈಯಲ್ಲಿ, ಸೈನ್ಯದಿಂದಲ್ಲ. ಪಶ್ಚಿಮ ಆರಿಗನ್ನಿನ ವಿಲಮೆಟ್ ಕಣಿವೆಯ ವಲಸಿಗರು ಪಡೆ ಕಟ್ಕೊಂಡು ಬಂದಿದ್ದೂ ನಿಜ, ಆದ್ರೆ ಕೊಂದೋರು ಸಿಗದೆ ಸಿಕ್ಕಸಿಕ್ಕೋರ ಮೇಲೆ ಯುದ್ಧ ನಡೀತು. ಆ ಯುದ್ಧದ ದಿನದಿನದ ವಿವರದಲ್ಲಿ ಸಿಕ್ಕಾಕ್ಕೋಬೇಡಿ, ಬೋರು.

ಕೋರ್ಟ್ ಕೇಸನ್ನ ಲಾಯರ್ ಥರ ನೋಡಿ

1850ರಲ್ಲಿ ಐದು ಜನರನ್ನ ಆರಿಗನ್ ಸಿಟಿಗೆ ಕರ್ಕೊಂಡು ಬಂದ್ರು: ಟಿಲೊಕೈಕ್ಟ್, ಟೊಮಾಹಸ್, ಕ್ಲೋಕೋಮಸ್, ಇಸಾಯಾಚಲ್ಕಿಸ್, ಕಿಯಾಮಸುಂಪ್ಕಿನ್. ವಿಚಾರಣೆ ಮೇ 22ರಿಂದ 24, ಜಡ್ಜ್ ಆರ್ವಿಲ್ ಪ್ರ್ಯಾಟ್. ಮೊದಲ ಪ್ರಶ್ನೆ ನೀವೇ ಕೇಳ್ಕೊಳ್ಳಿ, ಈ ಕೋರ್ಟಿಗೆ ಅಧಿಕಾರ ಎಲ್ಲಿಂದ ಬಂತು? ಘಟನೆ ಆಗಿದ್ದು 1847ರಲ್ಲಿ, ಅಮೆರಿಕ ಸರ್ಕಾರ ಆರಿಗನ್ ಟೆರಿಟರಿ (ರಾಜ್ಯ ಆಗೋ ಮುಂಚಿನ ಕೇಂದ್ರಾಡಳಿತದ ಪ್ರದೇಶ) ಮಾಡಿದ್ದು 1848ರ ಆಗಸ್ಟ್‌ನಲ್ಲಿ, ಕೈಯೂಸ್ ಜನ ಯಾವ ಒಪ್ಪಂದಕ್ಕೂ ಆಗ ಸಹಿ ಹಾಕಿರಲಿಲ್ಲ. ಡಿಫೆನ್ಸ್ ಕಡೆಯೋರು ಇದನ್ನೇ ಎತ್ತಿದ್ರು, ಜಡ್ಜ್ ಒಪ್ಪಲಿಲ್ಲ. ಮೆಕ್ಲಾಕ್ಲಿನ್ ಬಂದು, ವೈದ್ಯರನ್ನ ಕೊಲ್ಲೋ ರೂಢಿ ಬಗ್ಗೆ ನಾನು ವಿಟ್‌ಮನ್‌ಗೆ ಹೇಳಿದ್ದೆ ಅಂತ ಸಾಕ್ಷಿ ನುಡಿದ್ರು, ಅದೂ ಪ್ರಯೋಜನ ಆಗ್ಲಿಲ್ಲ. ಜ್ಯೂರಿ ಗಂಟೆ ಚಿಲ್ಲರೆಯಲ್ಲಿ ಐದೂ ಜನ ಅಪರಾಧಿಗಳು ಅಂದ್ರು. ನಾನು ಅಲ್ಲಿ ಇರಲೇ ಇಲ್ಲ ಅಂತ ಕಿಯಾಮಸುಂಪ್ಕಿನ್ ಕೊನೇವರೆಗೂ ಹೇಳಿದ್ರು.

ಜೂನ್ 3ಕ್ಕೆ ಗಲ್ಲು. ಹಗ್ಗ ಬಿಟ್ಟಿದ್ದು ಮಾರ್ಷಲ್ ಜೋ ಮೀಕ್, ಅವನ ಮಗಳು ಹೆಲೆನ್ ವೈಲಾಟ್ಪುವಿನಲ್ಲಿ ಒತ್ತೆಯಾಳಾಗಿದ್ದಾಗ ದಡಾರಕ್ಕೆ ಸತ್ತಿದ್ಳು. ಶಿಕ್ಷೆ ಜಾರಿ ಮಾಡೋನೇ ಸಂತ್ರಸ್ತರಲ್ಲಿ ಒಬ್ಬ, ಇವತ್ತಿನ ಯಾವ ಕೋರ್ಟಲ್ಲಿ ಇದು ನಿಲ್ಲುತ್ತೆ ಹೇಳಿ. ಕ್ರಿಸ್ತ ತನ್ನ ಜನಕ್ಕಾಗಿ ಸತ್ತ ಅಂತ ನಿಮ್ಮ ಮಿಷನರಿಗಳೇ ಕಲಿಸಿದ್ರಲ್ಲ, ಹಾಗೇ ನಾವು ನಮ್ಮ ಜನಕ್ಕಾಗಿ ಸಾಯ್ತೀವಿ ಅಂತ ಟಿಲೊಕೈಕ್ಟ್ ಹೇಳಿದ್ರು ಅನ್ನೋ ಮಾತು ಎಲ್ಲ ಕಡೆ ಸಿಗುತ್ತೆ. ಅದು ನಮ್ಮವರೆಗೆ ಬಂದಿರೋದು ಬಿಳಿಯರ ಬರಹದ ಮೂಲಕ, ಹಾಗಾಗಿ ಅಕ್ಷರಕ್ಕೆ ಅಕ್ಷರ ಹೀಗೇ ಅಂದ್ರು ಅಂತ ಸ್ಟೇಟಸ್ ಹಾಕೋ ಮುಂಚೆ ಸ್ವಲ್ಪ ಯೋಚ್ನೆ ಮಾಡಿ, ಅರ್ಥ ಮಾತ್ರ ನಡೆದಿದ್ದಕ್ಕೆ ಸರಿಯಾಗಿ ಹೊಂದುತ್ತೆ. ಐವರ ಸಮಾಧಿ ಎಲ್ಲಿದೆ ಅಂತ ಗೊತ್ತಿಲ್ಲ, ಅವರ ವಂಶದೋರು ಇನ್ನೂ ಹುಡುಕ್ತಿದಾರೆ.

1855 ಸ್ಕಿಪ್ ಮಾಡ್ಬೇಡಿ

ಬಹಳ ಜನ ಗಲ್ಲಿನ ಹತ್ರ ಪುಸ್ತಕ ಮುಚ್ಚಿಬಿಡ್ತಾರೆ, ನನ್ನ ಪ್ರಕಾರ ಇಡೀ ಕಥೆಯಲ್ಲಿ ಗಟ್ಟಿಯಾದ ಭಾಗ ಇದೇ. 1855ರ ಮೇ ಕೊನೆಯಿಂದ ಜೂನ್ ಎರಡನೇ ವಾರದವರೆಗೆ ವಾಲಾ ವಾಲಾದಲ್ಲಿ ದೊಡ್ಡ ಸಭೆ, ಸರ್ಕಾರದ ಕಡೆಯಿಂದ ಐಸಾಕ್ ಸ್ಟೀವನ್ಸ್, ಜೋಯೆಲ್ ಪಾಮರ್. ಇವರು ತಂದಿದ್ದ ಪ್ಲಾನ್ ಪ್ರಕಾರ ಎರಡೇ ರಿಸರ್ವೇಶನ್ (ಮೂಲನಿವಾಸಿಗಳಿಗೆ ಅಂತ ಮೀಸಲಿಟ್ಟ ನೆಲ), ಒಂದು ನೆಜ್ ಪರ್ಸ್ ನೆಲದಲ್ಲಿ, ಇನ್ನೊಂದು ಯಾಕಮಾ ನೆಲದಲ್ಲಿ, ಕೈಯೂಸ್, ಯುಮಟಿಲಾ, ವಾಲಾ ವಾಲಾ ಜನ ಗಂಟುಮೂಟೆ ಕಟ್ಕೊಂಡು ಬೇರೆಯವರ ಜಾಗಕ್ಕೆ ಹೋಗ್ಬೇಕು. ಈ ನೆಲ ಇಲ್ಲಿ ಆಡ್ತಿರೋ ಮಾತನ್ನ ಕೇಳಿಸ್ಕೊಳ್ತಿದೆಯಾ, ಅದಕ್ಕೂ ಏನಾದ್ರೂ ಹೇಳೋದಿದೆಯಾ ಅಂತ ಕೈಯೂಸ್ ಮುಖಂಡ ಯಂಗ್ ಚೀಫ್ ಸಭೆಯಲ್ಲಿ ಕೇಳಿದ್ದು ಪ್ರಸಿದ್ಧ. ಅದು ಬರೀ ಕವಿತೆ ಅಲ್ಲ, ಚೌಕಾಸಿಯ ಮಧ್ಯೆ ಹಾಕಿದ ಪಟ್ಟು. ಕೊನೆಗೆ ಸರ್ಕಾರದೋರೇ ಬಗ್ಗಿದ್ರು, ಈ ಮೂರು ಸಮುದಾಯಕ್ಕೆ ಅವರದೇ ನೆಲದಲ್ಲಿ ಮೂರನೇ ರಿಸರ್ವೇಶನ್ ಆಯ್ತು. ಕೆಲವೇ ವರ್ಷದ ಹಿಂದೆ ಅರ್ಧ ಜನ ಕಳ್ಕೊಂಡು ಮುಖಂಡರನ್ನ ಗಲ್ಲಿಗೆ ಕೊಟ್ಟ ಸಮುದಾಯ ಇದನ್ನ ಗೆದ್ದುಕೊಂಡಿದ್ದು ಸಣ್ಣ ವಿಷಯ ಅಲ್ಲ.

ಬೆಲೆಯೂ ತೆತ್ರು. ಬಿಟ್ಟುಕೊಟ್ಟಿದ್ದು 64 ಲಕ್ಷ ಎಕರೆ. ಸೆನೆಟ್ ಒಪ್ಪಿಗೆ ಸಿಕ್ಕಿದ್ದು 1859ರಲ್ಲಿ, ಆದ್ರೆ ಸಭೆ ಮುಗಿದ ತಿಂಗಳಲ್ಲೇ ವಲಸಿಗರಿಗೆ ನೆಲ ತೆರೆದಿದೆ ಅಂತ ಪೇಪರಲ್ಲಿ ಬಂತು. ಅದೇ ವರ್ಷ ಡಿಸೆಂಬರಲ್ಲಿ ಬಿಳಿ ಬಾವುಟ ಹಿಡಿದು ಮಾತಿಗೆ ಬಂದಿದ್ದ ವಾಲಾ ವಾಲಾ ಮುಖಂಡ ಪಿಯೋಪಿಯೋಮೋಕ್ಸ್‌ಮೋಕ್ಸ್ ಅವರನ್ನ ವಲಸಿಗರ ಪಡೆಯೋರು ಹಿಡಿದಿಟ್ಟು ಕೊಂದ್ರು. ಆಮೇಲೆ ಸರ್ವೆ, ನೆಲವನ್ನ ತುಂಡು ಮಾಡಿ ಹಂಚಿದ 1885ರ ಸ್ಲೇಟರ್ ಕಾಯ್ದೆ ಅಂತ ರಿಸರ್ವೇಶನ್ನೂ ಕರಗಿ ಈಗ ಸುಮಾರು 1,72,000 ಎಕರೆ. ಆದ್ರೆ ಒಪ್ಪಂದದಲ್ಲಿ ಒಂದು ಸಾಲು ಬಿಡದೆ ಉಳಿಸ್ಕೊಂಡಿದ್ರು: ಹಳೇ ಜಾಗಗಳಲ್ಲಿ ಮೀನು ಹಿಡಿಯೋ, ಬೇಟೆಯಾಡೋ, ಗೆಡ್ಡೆ ಹಣ್ಣು ತರೋ ಹಕ್ಕು. ನೀರಾವರಿ ಅಣೆಕಟ್ಟುಗಳಿಂದ ಯುಮಟಿಲಾ ನದಿಯಲ್ಲಿ ಸಾಮನ್ ಸುಮಾರು 70 ವರ್ಷ ಇರಲೇ ಇಲ್ಲ. ಆ ಹಕ್ಕಿನ ಬಲದಿಂದ ಮಾತುಕತೆ ನಡೆಸಿ, ರೈತರಿಗೆ ಕೊಲಂಬಿಯಾ ನದಿ ನೀರು ಪಂಪ್ ಮಾಡಿ ಕೊಟ್ಟು ಯುಮಟಿಲಾ ನೀರನ್ನ ಮೀನಿಗೆ ಬಿಡೋ ಯೋಜನೆಗೆ 1988ರಲ್ಲಿ ಕಾನೂನು ಆಯ್ತು, ಸಾಮನ್ ವಾಪಸ್ ಬಂತು. ಕಾವೇರಿ ಗಲಾಟೆ ನೋಡ್ಕೊಂಡು ಬೆಳೆದ ನಮಗೆ, ರೈತರ ಜೊತೆ ಜಗಳ ಆಡದೆ ನೀರು ಹಂಚ್ಕೊಂಡಿದ್ದು ಓದಿದ್ರೆ ಹೊಟ್ಟೆಕಿಚ್ಚಾಗುತ್ತೆ.

ಹೋಗೋದಾದ್ರೆ ಈ ಆರ್ಡರಲ್ಲಿ ಹೋಗಿ

ಮೊದಲು ವೈಲಾಟ್ಪುಗೆ ಹೋಗ್ಬೇಡಿ. ಪೆಂಡಲ್‌ಟನ್ ಊರಿನ ಪಕ್ಕ ಐ-84 ಹೈವೇಯ 216ನೇ ಎಕ್ಸಿಟ್, ವೈಲ್ಡ್‌ಹಾರ್ಸ್ ಕಸಿನೋ ಹಿಂದೆ ತಮಾಸ್ಟ್ಸ್‌ಲಿಕ್ಟ್ ಅನ್ನೋ ಮ್ಯೂಸಿಯಂ ಇದೆ, 1998ರಲ್ಲಿ ಆ ಮೂರು ಸಮುದಾಯದೋರೇ ಕಟ್ಟಿ ನಡೆಸ್ತಿರೋದು. ನಾವಿದ್ವಿ, ನಾವಿದೀವಿ, ನಾವಿರ್ತೀವಿ ಅಂತ ಮೂರು ಭಾಗ, ಮಿಷನರಿ ವಿಷಯ ಅದರಲ್ಲಿ ಒಂದು ತುಂಡು ಅಷ್ಟೇ. ನಡುವಿನ ಭಾಗದಲ್ಲಿ ಹೆಚ್ಚು ಹೊತ್ತು ಕಳೀರಿ. ಅವರ ಊಟದ ಕ್ರಮ ಅಲ್ಲಿ ಕೇಳಿ ತಿಳ್ಕೊಳ್ಳಿ: ಮೊದಲು ನೀರು, ಆಮೇಲೆ ಸಾಮನ್, ಜಿಂಕೆ, ಕೌಸ್ ಗೆಡ್ಡೆ, ಹಕಲ್‌ಬೆರಿ, ಇದೇ ಸಾಲಲ್ಲಿ ಬಡಿಸ್ತಾರೆ. ಅವರ ಸರ್ಕಾರದ ನೈಸರ್ಗಿಕ ಸಂಪನ್ಮೂಲ ಇಲಾಖೆ ಕೆಲಸ ಮಾಡೋದೂ ಈ ಸಾಲನ್ನೇ ಇಟ್ಕೊಂಡು.

ಅಲ್ಲಿಂದ ಒಂದು ಗಂಟೆ ಒಳಗೆ ವಾಲಾ ವಾಲಾ, ಆಮೇಲೆ ವೈಲಾಟ್ಪು, ನ್ಯಾಷನಲ್ ಪಾರ್ಕ್ ಸರ್ವಿಸ್ ಜಾಗ, ಟಿಕೆಟ್ ಇಲ್ಲ. ಮಿಷನ್ ಕಟ್ಟಡ ಉಳಿದಿಲ್ಲ, ಹುಲ್ಲಿನ ಮೇಲೆ ಪಾಯದ ಗುರುತು ಹಾಕಿದಾರೆ. ಆ ಗುರುತಲ್ಲಿ ಅಡುಗೆಮನೆ ಎಲ್ಲಿ, ಇಂಡಿಯನ್ ರೂಮ್ ಎಲ್ಲಿ ಅಂತ ಹುಡುಕಿ ನಿಂತ್ಕೊಳ್ಳಿ, ಕಾಗದಗಳಲ್ಲಿ ಓದಿದ ಬಾಗಿಲ ಜಗಳ ಎಷ್ಟು ಇಕ್ಕಟ್ಟಿನ ಜಾಗದಲ್ಲಿ ನಡೀತು ಅಂತ ಗೊತ್ತಾಗುತ್ತೆ. ಪಕ್ಕದ ಗುಡ್ಡದ ಮೇಲಿನ ಕಲ್ಲಿನ ಕಂಬ 1897ರದ್ದು, ಯಾರ ನೆನಪಿಗೆ ನಿಲ್ಲಿಸಿದ್ದು ಅಂತ ಕೆತ್ತಿರೋದನ್ನ ಓದಿ, ಯಾರ ಹೆಸರಿಲ್ಲ ಅನ್ನೋದನ್ನೂ ನೋಡಿ.

ಮೂರನೇದು ಆರಿಗನ್ ಸಿಟಿ, ಪೋರ್ಟ್‌ಲ್ಯಾಂಡಿನಿಂದ ಅರ್ಧ ಗಂಟೆ, ಇದನ್ನ ಬೇರೆ ದಿನಕ್ಕೆ ಇಟ್ಕೊಳ್ಳಿ. ವಿಲಮೆಟ್ ಜಲಪಾತ ನೋಡೋ ಕಟ್ಟೆ ಮೇಲೆ ನಿಂತ್ರೆ ಸಾಕು, ಕೈದಿಗಳನ್ನ ಇಟ್ಟಿದ್ದು ಜಲಪಾತದ ಪಕ್ಕದ ದ್ವೀಪದಲ್ಲಿ.

ಕೆಲವು ಚಿಲ್ಲರೆ ವಿಷಯ. ಯಾರ ಹತ್ರಾನಾದ್ರೂ ಮಾತಾಡುವಾಗ ರೆಡ್ ಇಂಡಿಯನ್ ಅನ್ನೋದು ಬಾಯಿಂದ ಬರದಂಗೆ ನೋಡ್ಕೊಳ್ಳಿ, ಕೈಯೂಸ್ ಅಂತ ಹೆಸರು ಹೇಳಿದ್ರೆ ಮರ್ಯಾದೆ. ರಿಸರ್ವೇಶನ್ ಒಳಗೆ ಮನೆ, ಸಮಾಧಿ, ಪೂಜೆ ಜಾಗದ ಫೋಟೋ ಕೇಳದೆ ತೆಗೀಬೇಡಿ. ಸೆಪ್ಟೆಂಬರಲ್ಲಿ ಪೆಂಡಲ್‌ಟನ್ ರೌಂಡಪ್ ಅನ್ನೋ ರೋಡಿಯೋ (ಕುದುರೆ ಸವಾರಿ ಪಂದ್ಯಗಳ ಜಾತ್ರೆ) ನಡೆಯೋ ವಾರ ಹೋದ್ರೆ ನೂರಾರು ಟೀಪಿ ಡೇರೆ ನೋಡಬಹುದು, ಆದ್ರೆ ರೂಮ್ ಸಿಗೋದು ಕಷ್ಟ, ಸಿಕ್ರೂ ರೇಟ್ ಕೇಳಿದ್ರೆ ತಲೆ ತಿರುಗುತ್ತೆ. ಜುಲೈ ಆಗಸ್ಟಲ್ಲಿ ಬಿಸಿಲು ನಮ್ಮ ರಾಯಚೂರಿನ ಥರ, ಏಪ್ರಿಲ್ ಕೊನೆ ಅಥವಾ ಮೇ ಬೆಸ್ಟು, ಬೆಟ್ಟ ಹಸಿರಾಗಿರುತ್ತೆ. ಎರಡೂ ಕಡೆ ವಾರದ ರಜೆ ಸೀಸನ್ ಪ್ರಕಾರ ಬದಲಾಗುತ್ತೆ, ಹೊರಡೋ ಮುಂಚೆ ವೆಬ್‌ಸೈಟ್ ನೋಡಿ. ಪ್ಯೂರ್ ವೆಜ್ ಆದ್ರೆ ಚಿತ್ರಾನ್ನ ಕಟ್ಕೊಂಡು ಹೋಗಿ, ಡ್ಯಾಲ್ಸ್ ಊರು ದಾಟಿದ್ಮೇಲೆ ದಾರಿಯಲ್ಲಿ ಸಿಗೋದು ಹೆಚ್ಚಾಗಿ ಬರ್ಗರ್ರೇ.